ಜೇನಿನ ದಾರಿ, ಲಾರಿಯ ದಾರಿ

ಮುನ್ನೂರ ಇಪ್ಪತ್ತು ಜೇನುಪೆಟ್ಟಿಗೆಗಳು ಹನ್ನೊಂದು ಹೊಲಗಳಲ್ಲಿ ಹರಡಿಕೊಂಡಿದ್ದವು. ಯಾರ ಹೊಲದಲ್ಲಿ ಹೂ ಬಿಡುತ್ತದೋ ಅವರು ಕರೆಸಿಕೊಳ್ಳುತ್ತಿದ್ದರು. ಹೂವು ಮುಗಿದು ಕಾಯಿ ಕಚ್ಚಿತೆಂದರೆ ಪೆಟ್ಟಿಗೆಗಳು ಲಾರಿ ಹತ್ತಿ ಮುಂದಿನ ಹೊಲಕ್ಕೆ. ಯಾವ ಪೆಟ್ಟಿಗೆ ಎಲ್ಲಿದೆ ಎಂಬುದು ಅತ್ತೆಯ ತಲೆಯಲ್ಲಿತ್ತು. ತಲೆಯಿಂದ ಜಾರಿದ್ದು ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿತ್ತು. ಸೀಮೆಸುಣ್ಣವನ್ನು ಮಳೆ ತೊಳೆದರೆ ಎಲ್ಲಿಯೂ ಇರುತ್ತಿರಲಿಲ್ಲ. ಹೋದ ಸಲ ಎಂಟು ಪೆಟ್ಟಿಗೆಗಳು ಒಂದು ಕುಂಬಳದ ಹೊಲದಲ್ಲಿ ಮರೆತೇ ಹೋಗಿದ್ದವು. ಹೊಲದವನು ಕಳೆ ಕೀಳಲು ಹೋಗಿ, ಎರಡೂ ಕೆನ್ನೆ ಊದಿಸಿಕೊಂಡು ಬಂದ ಮೇಲೆಯೇ ಅವು ಸಿಕ್ಕಿದ್ದು.

"ಇನ್ನು ನನ್ನ ಕೈಲಾಗಲ್ಲ. ಅರ್ಧ ಪೆಟ್ಟಿಗೆ ಮೀಸೆಯವರಿಗೆ ಕೊಟ್ಟುಬಿಡೋಣ," ಅಂದರು ಅತ್ತೆ.

ಮೀಸೆಯವರೆಂದರೆ ಪಕ್ಕದ ಊರಿನ ಜೇನುಸಾಕಣೆಗಾರರು. ಮೂರು ವರ್ಷಗಳಿಂದ ಈ ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟು ಕೂತಿದ್ದವರು.

ಸೊಸೆ ಒಪ್ಪಲಿಲ್ಲ. ಅವಳು ಈ ಮನೆಗೆ ಬಂದಾಗ ಇದ್ದದ್ದು ತೊಂಬತ್ತು ಪೆಟ್ಟಿಗೆ. ಉಳಿದದ್ದೆಲ್ಲ ಒಂದೊಂದು ಗೂಡನ್ನು ಎರಡು ಮಾಡಿ, ರಾಣಿಹುಳವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದು, ಏಳು ವರ್ಷ ಅವಳೇ ಬೆಳೆಸಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇವಳಿಗೆ ಕಚ್ಚುವ ಹುಳವೇ ಮುದ್ದು.

"ಒಂದು ಹಂಗಾಮು ಕೊಡಿ ಅತ್ತೆ. ಯಾವುದು ಎಲ್ಲಿದೆ, ಎಲ್ಲಿಗೆ ಹೋಗಬೇಕು ಅಂತ ಫೋನೇ ಹೇಳೋ ಹಾಗೆ ಮಾಡಿಸ್ತೀನಿ. ಸಾಫ್ಟ್‌ವೇರ್ ಬರೆಯೋರನ್ನ ಕೆಲಸಕ್ಕಿಟ್ಟುಕೊಳ್ಳೋಣ."

"ಎಲ್ಲಿ ಕೂರಿಸ್ತೀಯ? ಮೇಣ ಕಾಯಿಸೋ ಕೋಣೇಲಾ?"

"ಅವರು ಅವರವರ ಮನೇಲೇ ಇರ್ತಾರೆ. ಅಲ್ಲಿಂದಲೇ ಕೆಲಸ."

ಅತ್ತೆ ಕೈಯಲ್ಲಿದ್ದ ಹೊಗೆತಿದಿಯನ್ನು ಕೆಳಗಿಟ್ಟರು. ಹುಳವನ್ನು ಸುಮ್ಮನಾಗಿಸುವ ಆ ಹೊಗೆಯ ಡಬ್ಬಿ ಕೆಳಗಿಟ್ಟರೆಂದರೆ ಮಾತು ಗಂಭೀರವೆಂದು ಅರ್ಥ. "ನೆರಳು ನೋಡದೆ ಆಳು ಇಟ್ಟುಕೊಳ್ಳೋದಾ? ಆಗಲಿ. ಕೆರೆಯಾಚೆ ಹೊಸ ಸೌತೆ ಹೊಲ ಇದೆಯಲ್ಲ, ಅದು ಹೂ ಬಿಟ್ಟು ನಮ್ಮ ಹುಳ ಅಲ್ಲಿ ಕೂರಬೇಕು. ಅಲ್ಲೀವರೆಗೆ ಟೈಮು. ಆದ್ರೆ ಪರೀಕ್ಷೆ ಮಾತ್ರ ನಂದೇ."

ಅತ್ತೆಯ ಪರೀಕ್ಷೆ ಆ ಸುತ್ತಲಿಗೆಲ್ಲ ಗೊತ್ತಿದ್ದದ್ದು. ಕೆಲಸ ಕೇಳಿಕೊಂಡು ಬಂದವರನ್ನು ತೆರೆದ ಪೆಟ್ಟಿಗೆಯ ಪಕ್ಕ ನಿಲ್ಲಿಸಿ, ತಾವು ಒಂದು ಲೋಟ ಚಹಾ ಕುಡಿಯುತ್ತಿದ್ದರು. ಚಹಾ ಮುಗಿಯುವ ತನಕ ಯಾರು ಕೈ ಬೀಸುವುದಿಲ್ಲವೋ ಅವರಿಗೆ ಕೆಲಸ. ದೂರದೂರಿನಲ್ಲಿ ಕೂತವರನ್ನು ನಿಲ್ಲಿಸುವುದು ಹೇಗೆ? ಅತ್ತೆಗೆ ಅದೇನು ದೊಡ್ಡ ತೊಡಕಾಗಲಿಲ್ಲ. ಸೊಸೆಯ ಫೋನನ್ನು ಒಂದು ಇಟ್ಟಿಗೆಗೆ ಆನಿಸಿ ತೆರೆದ ಪೆಟ್ಟಿಗೆಯ ಪಕ್ಕ ನಿಲ್ಲಿಸಿದರು, ಚಹಾ ಬಗ್ಗಿಸಿಕೊಂಡು ಕೂತರು.

ಮೊದಲನೆಯವನು ಟೈ ಕಟ್ಟಿಕೊಂಡು ಬಂದಿದ್ದ. ಒಂದು ಹುಳ ಕ್ಯಾಮರಾದ ಮೇಲೇ ಕೂತು ಮೀಸೆ ತೀಡಿಕೊಳ್ಳತೊಡಗಿತು. ಅವನ ಪರದೆಯಲ್ಲಿ ಅದು ಆನೆಯಷ್ಟಾಗಿ ಕಂಡಿರಬೇಕು; ಕುರ್ಚಿಸಮೇತ ಹಿಂದಕ್ಕೆ ಬಿದ್ದ, ಪರದೆಯಲ್ಲಿ ಅಂಗಾಲುಗಳಷ್ಟೇ ಉಳಿದವು.

"ಪಾದ ಚೆನ್ನಾಗಿದೆ," ಅಂದರು ಅತ್ತೆ. "ಮುಂದಿನೋರನ್ನ ಕರಿ."

ಎರಡನೆಯವರಿಗೆ ಹುಳ ಕಾಣಿಸಲೇ ಇಲ್ಲ. ಕಂಪ್ಯೂಟರಿನ ಹದಿನಾಲ್ಕು ಭಾಷೆ ಬರುತ್ತವೆಂದು ಒಂದೊಂದಾಗಿ ಹೆಸರು ಹೇಳುತ್ತಲೇ ಹೋದರು.

"ಹದಿನಾಲ್ಕು ಬರುತ್ತೆ, ಒಂದರಲ್ಲೂ ಸುಮ್ಮನಿರೋಕೆ ಬರಲ್ಲ," ಎಂದು ಅತ್ತೆ ಲೋಟದೊಳಗೇ ಗೊಣಗಿದರು.

ಮೂರನೆಯವಳು ಕನ್ನಡಕದ ಹುಡುಗಿ. ಇಲ್ಲಿ ಇಳಿಹೊತ್ತು, ಅವಳಿದ್ದಲ್ಲಿ ಬೆಳಗ್ಗೆ. ತನ್ನ ಓದಿನ ಬಗ್ಗೆ ಹೇಳಲು ಬಾಯಿ ತೆರೆದವಳು ಅಲ್ಲೇ ನಿಂತುಬಿಟ್ಟಳು. ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದಳು.

"ಅಮ್ಮಾ, ಇದರ ಕಾಲಿಗೆ ಹಳದಿ ಮೂಟೆ ಕಟ್ಟಿದೆಯಲ್ಲ, ಏನದು?"

"ಹೂವಿನ ಹುಡಿ. ಮರಿಗಳಿಗೆ ಬುತ್ತಿ."

"ತಾನೇ ಕಟ್ಟಿಕೊಳ್ಳುತ್ತಾ? ಹಾರ್ತಾ ಹಾರ್ತಾ?"

ಅತ್ತೆ ಹೇಳುತ್ತ ಹೋದರು, ಹುಡುಗಿ ಕೇಳುತ್ತ ಹೋದಳು. ಚಹಾ ತಣ್ಣಗಾಗಿ ಕೆನೆಗಟ್ಟಿತು. ಸೌತೆ ಹೂ ಬಿಡುವ ತನಕ ಅವಳನ್ನು ನೋಡುವುದೆಂದಾಯಿತು.

ಹುಡುಗಿ ಪಟ್ಟಾಗಿ ಕೂತು ಕೆಲಸ ಮಾಡಿದಳು. ಮುಚ್ಚಳದ ಮೇಲಿನ ಸಂಖ್ಯೆಯ ಫೋಟೋ ತೆಗೆದರೆ ಸಾಕು, ನಕ್ಷೆಯಲ್ಲಿ ಒಂದು ಚುಕ್ಕೆ ಮೂಡುತ್ತಿತ್ತು. ಅತ್ತೆ ಅವಳಿಗೆ ಒಂದೇ ಒಂದು ನಿಯಮವನ್ನು ಮೂರು ಸಲ ಹೇಳಿದ್ದರು: "ಸರಿಸಿದರೆ ಮೊಳ, ಸಾಗಿಸಿದರೆ ಹರದಾರಿ." ಜೇನು ತನ್ನ ಗೂಡಿನ ಸುತ್ತಲಿನ ನೆಲವನ್ನು ಅಂಗೈಯಷ್ಟು ಚೆನ್ನಾಗಿ ಬಲ್ಲದು. ಒಂದು ಮೊಳ ಸರಿಸಿದರೆ ಹುಡುಕಿಕೊಳ್ಳುತ್ತದೆ. ಮೂರು ಮೈಲಿ ಸಾಗಿಸಿದರೆ ಹೊಸ ಜಾಗವೆಂದು ಹೊಸದಾಗಿ ಕಲಿಯುತ್ತದೆ. ಎರಡರ ನಡುವೆ ಎಲ್ಲಿಟ್ಟರೂ ಹಳೆಯ ಜಾಗಕ್ಕೇ ವಾಪಸ್ಸು.

"ಹರದಾರಿ ಅಂದ್ರೆ ಹತ್ತಿರ ಹತ್ತಿರ ಐದು ಕಿಲೋಮೀಟರ್ ಅಂತ ಬರ್ಕೊಳ್ಲಾ ಅಮ್ಮ?"

"ಹರದಾರಿ ಅಂತಲೇ ಬರ್ಕೊ."

ಹಾಗೆಯೇ ಬರೆದುಕೊಂಡಳು.

ಸೌತೆ ಹೂ ಬಿಟ್ಟಿತು. ಕರಬೂಜದ ಹೊಲದಲ್ಲಿರುವ ಇಪ್ಪತ್ತು ಪೆಟ್ಟಿಗೆ ಅಲ್ಲಿಗೆ ಹೋಗಲಿ, ದೂರ ಒಂಬತ್ತು ಕಿಲೋಮೀಟರ್, ಎಂದು ಫೋನು ಹೇಳಿತು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಒಂಬತ್ತು. ಹರದಾರಿಗಿಂತ ಧಾರಾಳ ಆಯ್ತು. ಏರಿಸಿ," ಅಂದರು. ಬೆಳಕು ಹರಿಯುವ ಹೊತ್ತಿಗೆ ಸೊಸೆಯ ಗಂಡ ಲಾರಿ ಹೊರಡಿಸಿದ. ಕೆರೆಯ ಏರಿ ಬಳಸಿ, ಕಲ್ಲು ಕ್ವಾರಿ ಬಳಸಿ, ಅರ್ಧ ಗಂಟೆ ಕುಲುಕಿಸಿಕೊಂಡು ಹೋಗಿ ಇಳಿಸಿ ಬಂದರು. ಸೊಸೆಯ ಸೊಂಟಕ್ಕೂ ಅದು ದೂರವೆಂದೇ ಅನ್ನಿಸಿತು.

ಹನ್ನೊಂದಕ್ಕೆ ಕರಬೂಜದವನ ಫೋನು. "ಅಕ್ಕಾ, ಪೆಟ್ಟಿಗೆ ತಗೊಂಡು ಹೋದ್ರಿ ಸರಿ, ಹುಳ ಬಿಟ್ಟು ಹೋದ್ರಲ್ಲ!"

ಹೋಗಿ ನೋಡಿದರೆ, ಪೆಟ್ಟಿಗೆ ಎತ್ತಿ ಬರಿದಾದ ಕಲ್ಲುಗಳ ಮೇಲೆ ಹುಳಗಳು ಗೊಂಚಲುಗಟ್ಟಿ ಕೂತಿದ್ದವು. ಮೇಲೆ ಸಾವಿರಾರು ಸುತ್ತುತ್ತಿದ್ದವು, ಬಾಗಿಲು ಕಳೆದುಕೊಂಡ ಮನೆಯವರ ಹಾಗೆ.

"ನಾನು ಅರ್ಧ ಗಂಟೆ ಓಡಿಸಿದ್ದೀನಿ, ಇವು ನನಗಿಂತ ಮೊದಲೇ ಬಂದಿವೆಯಲ್ಲೇ!" ಅಂದ ಗಂಡ.

ಅತ್ತೆ ಹೊಗೆತಿದಿಯನ್ನು ಕೆಳಗಿಟ್ಟರು. ಬೈದಿದ್ದರೆ ಎಷ್ಟೋ ಮೇಲಿತ್ತು. ಅರ್ಧ ಪೆಟ್ಟಿಗೆಗಳು ಮೀಸೆಯವರ ಅಂಗಳದಲ್ಲಿ ಸಾಲಾಗಿ ನಿಂತದ್ದು ಸೊಸೆಯ ಕಣ್ಣಿಗೆ ಕಟ್ಟಿತು. ಹುಡುಗಿಗೆ ಫೋನು ಮಾಡಿ ಆದದ್ದು ಹೇಳಿದಳು. ಅಲ್ಲಿ ಈಗಷ್ಟೇ ಬೆಳಗಾಗಿತ್ತು. ಕೂದಲು ಕೆದರಿಕೊಂಡು ಎದ್ದ ಹುಡುಗಿ ಇದ್ದ ನಿದ್ದೆಯನ್ನೂ ಮರೆತಳು. ಹಾಗಲ್ಲ ಹೀಗೆ ಎಂದು ವಾದಕ್ಕೆ ಬರಲಿಲ್ಲ.

"ತೋರಿಸಿ ಅಕ್ಕ, ನೋಡಬೇಕು." ಬಹಳ ಹೊತ್ತು ನೋಡಿದಳು. "ಯಾವ ಕಡೆಯಿಂದ ಬರ್ತಾ ಇವೆ?"

ಸೊಸೆ ಫೋನು ತಿರುಗಿಸಿದಳು. ಕೆರೆಯ ಕಡೆಯಿಂದ, ನೀರಿನ ಮೇಲೆ, ಎಳೆದು ಕಟ್ಟಿದ ದಾರದಷ್ಟು ನೆಟ್ಟಗೆ, ಒಂದರ ಹಿಂದೊಂದು ಬರುತ್ತಿದ್ದವು.

ಹುಡುಗಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ದಡ್ಡ ತಲೆಯೇ! ನಾನು ಅಳೆದಿದ್ದು ಲಾರಿ ದಾರಿ. ಇವೇನು ಲಾರಿ ಹತ್ತಿಕೊಂಡು ಬರ್ತಾವಾ? ಕೆರೆ ದಾಟಿದ್ರೆ ಕಾಲು ಹರದಾರಿನೂ ಇಲ್ಲ. ತಪ್ಪು ಪೂರ್ತಿ ನಂದು ಅಮ್ಮ."

ಅತ್ತೆಯ ಗಂಟಲಲ್ಲಿ ಏನೋ ಕೆಮ್ಮಿನಂಥದ್ದು ಎದ್ದಿತು. ಅದು ಕೆಮ್ಮಲ್ಲ, ನಗು ಎಂದು ಸೊಸೆಗೆ ತಿಳಿಯುವಷ್ಟರಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಪೂರ್ತಿ ನೀನೊಬ್ಬಳೇ ಹೊತ್ತುಕೊಂಡ್ರೆ ನನಗೇನು ಉಳೀತೇ? ನಲವತ್ತು ವರ್ಷ ಹುಳ ಸಾಕಿದೋಳು, ನಾನೂ ಲಾರೀಲಿ ಕೂತೇ ಯೋಚನೆ ಮಾಡಿದ್ನಲ್ಲ! ಇವಳ ಗಂಡನ್ನ ಕೇಳು, ಅವನಂತೂ ಹುಟ್ಟಿದ್ದೇ ಲಾರೀಲಿ."

ಕರಬೂಜದವನೂ ನಕ್ಕ. ಆಮೇಲೆ ಕೆಲಸಕ್ಕೆ ಕೈ ಹಾಕಿದರು. ಬರಿದಾದ ಕಲ್ಲುಗಳ ಮೇಲೆ ನಾಲ್ಕು ಖಾಲಿ ಪೆಟ್ಟಿಗೆ ಇಟ್ಟು, ಬಂದ ಹುಳಗಳಿಗೆ ಆಸರೆ ಮಾಡಿದರು. ಇಲ್ಲಿ ಊಟ ಮುಗಿಯುವುದರೊಳಗೆ ಅಲ್ಲಿ ಹುಡುಗಿ ಹನ್ನೊಂದೂ ಹೊಲಗಳ ನಡುವೆ ನೆಟ್ಟ ಗೆರೆ ಎಳೆದು, ಜೇನಿನ ದಾರಿಯನ್ನು ಹೊಸದಾಗಿ ಅಳೆದಿದ್ದಳು. ಕೆರೆಯಾಚೆಗೆ ಹೋಗಬೇಕಾದದ್ದು ಎಳ್ಳು ಹೊಲದ ಪೆಟ್ಟಿಗೆಗಳು, ಹಾರಿದರೂ ಎರಡು ಹರದಾರಿ. ಸೌತೆ ಹೊಲಕ್ಕೆ ಹೋಗಿದ್ದ ಇಪ್ಪತ್ತು ಪೆಟ್ಟಿಗೆ, ವಾಪಸ್ಸು ಬಂದ ಹುಳ, ಹೀಗೆ ಕರಬೂಜದ ಸಂಸಾರವೆಲ್ಲ ಎಳ್ಳು ಹೊಲಕ್ಕೆ.

ನಾಲ್ಕನೆಯ ದಿನ, ಬೆಳಗಿನ ಬಿಸಿಲಿಗೆ ಸೌತೆ ಹೊಲದಲ್ಲಿ, ಎಳ್ಳು ಹೊಲದಿಂದ ತಂದಿಳಿಸಿದ್ದ ಹುಳಗಳು ಹೊರಬಂದವು. ಬಂದ ಕೂಡಲೇ ಹೊರಟುಹೋಗಲಿಲ್ಲ. ತಿರುಗಿ ಪೆಟ್ಟಿಗೆಗೆ ಮುಖ ಮಾಡಿ, ಅತ್ತ ಇತ್ತ ತೂಗಾಡಿ, ಸುತ್ತನ್ನು ದೊಡ್ಡದು ಮಾಡುತ್ತ, ಹೊಸ ಮನೆಯ ಗುರುತು ಹಿಡಿದುಕೊಂಡವು. ಆಮೇಲೆ ಹಳದಿ ಹೂವುಗಳಿಗೆ ಇಳಿದವು. ಹತ್ತಾಯಿತು, ಹನ್ನೊಂದಾಯಿತು. ಎಳ್ಳಿನವರಿಂದ ಫೋನು ಬರಲಿಲ್ಲ.

"ಪೆಟ್ಟಿಗೆ ಯಾರಿಗೂ ಕೊಡಲ್ಲ," ಅಂದರು ಅತ್ತೆ, ಗಾಳಿಗೆ ಹೇಳುವವರ ಹಾಗೆ.

ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. ಅತ್ತೆ ಅದನ್ನು ನೋಡಿಯೂ ನೋಡದವರಂತೆ, ಹುಡುಗಿ ಬೆಳಗಿನಿಂದ ಹುಳ ನೋಡುತ್ತಿದ್ದ ಫೋನಿನ ಕಡೆ ತಿರುಗಿದರು. "ಏ ಹುಡುಗಿ, ನೀನು ಕಾಯಂ. ಒಬ್ಬಳ ಕೈಲಿ ಆಗುತ್ತಾ ಇದೆಲ್ಲ?"

"ನಿಜ ಹೇಳ್ಲಾ ಅಮ್ಮ? ಆಗಲ್ಲ. ನನ್ನ ಗೆಳತಿ ಒಬ್ಬಳಿದ್ದಾಳೆ, ಬೇರೆ ದೇಶದಲ್ಲಿ. ನಕ್ಷೆ ಕೆಲಸದಲ್ಲಿ ನನ್ನಪ್ಪನಂಥೋಳು. ಅವಳಾಗಿದ್ರೆ ಲಾರಿ ದಾರಿ ಅಳೀತಿರಲಿಲ್ಲ."

"ಮೊದಲೇ ಬಾಯಿ ಬಿಡೋದಲ್ವೇನೇ? ಕರಿ ಈಗಲೇ."

ಪರದೆಯಲ್ಲಿ ಇನ್ನೊಂದು ಚೌಕ ತೆರೆಯಿತು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬಳು ಗಾಬರಿಯಿಂದ ನಮಸ್ಕಾರ ಮಾಡಿದಳು.

"ನೋಡಮ್ಮ," ಅಂದರು ಅತ್ತೆ, "ನಮ್ಮದು ಒಂದೇ ಷರತ್ತು. ಹೂ ಬಿಡೋ ಕಾಲದಲ್ಲಿ ಮದುವೆ ಗಿದುವೆ ಇಟ್ಕೊಂಡು ರಜೆ ಕೇಳಬಾರದು."

"ನನ್ನ ಮದುವೆ ಆಗಿದೆ ಅಮ್ಮ."

"ಹಾಗಾದ್ರೆ ಬಿಡು, ಅರ್ಧ ತಲೆನೋವು ಕಳೀತು. ಯಾವತ್ತಿಂದ ಬರ್ತೀಯ ಕೆಲಸಕ್ಕೆ?"

ಅವಳು ಒದ್ದೆ ಟವೆಲ್ ಬಿಚ್ಚಿ ಕುರ್ಚಿ ಎಳೆದುಕೊಂಡಳು. "ಬರೋದೇನಮ್ಮ, ಬಂದೇ ಇದ್ದೀನಲ್ಲ. ಯಾವ ಹೊಲದಿಂದ ಶುರು ಮಾಡಲಿ?"