ಸುಕ್ಕಿಲ್ಲದ ಸಮಚಿತ್ತ

ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ಚುಯ್ ಎಂದಿತು. ಊರವರ ಬಟ್ಟೆಗೆಲ್ಲ ಗೆರೆ ಮೂಡಿಸಿ, ತಾನು ಮಾತ್ರ ಸುಕ್ಕು ಅಂಗಿಯಲ್ಲೇ ನಲವತ್ತು ವರ್ಷ ತಿರುಗಿದ ಗಂಡ ಇವತ್ತು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಂಗಡಿಯ ನಡುವೆ, ಬಟ್ಟೆ ಮಡಿಸುವ ಉದ್ದನೆಯ ಮೇಜಿನ ಮೇಲೆ ಮಲಗಿದ್ದ. ಹನ್ನೊಂದಕ್ಕೆ ಸ್ಮಶಾನದ ವ್ಯಾನು.

"ಒಂದು ಹನಿ ಕಣ್ಣೀರಿಲ್ಲ ನೋಡಿ," ಎಂದರು ಧ್ಯಾನದ ಗುಂಪಿನ ಮೇಷ್ಟ್ರು, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. "ಇದೇ ಸಮಚಿತ್ತ. ನಮ್ಮ ಇಸ್ತ್ರಿಯಣ್ಣ ಮೂವತ್ತು ವರ್ಷ ಕೂತು ಹುಡುಕಿದ್ದು ಈಯಮ್ಮನಿಗೆ ನಿಂತಲ್ಲೇ ದಕ್ಕಿದೆ."

ಮೈದುನ ಅಣ್ಣನ ಗಡ್ಡ ಹೆರೆದು ಕತ್ತಿ ಒರೆಸುತ್ತಿದ್ದ. ಅವನದು ಕಟಿಂಗ್ ಅಂಗಡಿ. ಗಿರಾಕಿ ಎದ್ದು ಹೋದ ಮೇಲೂ ಅವರ ದನಿ ಅವನ ಗಂಟಲಲ್ಲಿ ಉಳಿದಿರುತ್ತಿತ್ತು.

"ಅತ್ತಿಗೇ, ಪ್ರಮೋಷನ್ ಆಯ್ತಂತೆ ನಿಮಗೆ," ಎಂದ, ಮೇಷ್ಟ್ರ ಮೂಗುದನಿಯಲ್ಲೇ.

ಅವಳು ನಗಲಿಲ್ಲ. "ನಿಜ ಹೇಳೋ. ಬೆಳಿಗ್ಗೆಯಿಂದ ಒಳಗೆ ಏನೂ ಇಲ್ಲ. ಬೆರಳು ಸುಟ್ಕೊಂಡೆ, ಅದೂ ಗೊತ್ತಾಗ್ಲಿಲ್ಲ. ನಿಮ್ಮಣ್ಣ ಹೇಳ್ತಿದ್ದದ್ದು ಇದೇನಾ? ಇಲ್ಲಾ, ನಾನೂ ಅವರ ಜೊತೆಗೇ ಸತ್ತೋದ್ನಾ?"

ಮೈದುನ ಒರೆಸಿದ ಕತ್ತಿಯನ್ನೇ ಮತ್ತೆ ಒರೆಸಿದ.

*

ಮೂವತ್ತು ವರ್ಷದ ಹಿಂದೆ ಗಂಡ ಮೊದಲ ಸಲ ಧ್ಯಾನದ ಶಿಬಿರದಲ್ಲಿ ಹತ್ತು ದಿನ ಮೌನವಾಗಿ ಕೂತು ಮನೆಗೆ ಬಂದಿದ್ದ.

"ಏನು ಸಿಕ್ತು?"

"ಏನೂ ಸಿಗಲಿಲ್ಲ. ಒಂದಿಷ್ಟು ಬಿಟ್ಟು ಬಂದೆ."

"ಹೂಂ, ಛತ್ರೀನೂ ಬಿಟ್ಟು ಬಂದಿದೀರಿ."

ನಕ್ಕುಬಿಟ್ಟ. ದಿನಾ ಹೀಗೆ ಉಸಿರು ಕಾಯುತ್ತಾ ಕೂರುವುದೇಕೆ ಎಂದು ಕೇಳಿದ್ದಕ್ಕೆ ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡ ತೋರಿಸಿದ.

"ಇದನ್ನ ಯಾರೂ ಆರಿಸ್ಬೇಕಿಲ್ಲ. ಇದ್ದಿಲು ಹಾಕೋದು ನಿಲ್ಸಿದ್ರೆ ಸಾಕು. ಅದು ಬೇಕು, ಇದು ಬೇಡ ಅಂತ ನಾವು ಹಾಕ್ತಾನೇ ಇರ್ತೀವಿ. ಕೂತಾಗ ಹಾಕೋ ಕೈ ಕಾಣ್ಸುತ್ತೆ, ಅಷ್ಟೇ. ಪೂರ್ತಿ ಆರಿದ್ರೆ ನಿಬ್ಬಾಣ, ಬುದ್ಧ ಹೇಳಿದ ನಿರ್ವಾಣ."

"ಹಾಗಾದ್ರೆ ನನ್ನ ಮೇಲಿನ ಪ್ರೀತೀನೂ ತಣ್ಣಗಾಗುತ್ತಾ?"

"ಅದು ಇದ್ದಿಲಲ್ಲ ಕಣೇ," ಎಂದವನು ಅಭ್ಯಾಸಬಲದಿಂದ ಇನ್ನೆರಡು ಇದ್ದಿಲು ಹಾಕಿದ.

*

ಹತ್ತೂವರೆಗೆ ಮೇಷ್ಟ್ರು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು. "ಅಮ್ಮಾ, ಇವತ್ತಿನ ಧ್ಯಾನ ನೀವೇ ನಡೆಸಿಕೊಡಿ."

ಬೇಡವೆನ್ನುವಷ್ಟು ಮನಸ್ಸೂ ಅವಳಲ್ಲಿ ಉಳಿದಿರಲಿಲ್ಲ. ಕಣ್ಣು ಮುಚ್ಚಿದಳು. ಉಸಿರು ಬಂತು, ಹೋಯಿತು. ಬೇರೆ ಯಾರದೋ ಉಸಿರಿನ ಹಾಗೆ. ಹೊರಗೆ ಯಾವುದೋ ಲಾರಿ ಹಿಂದಕ್ಕೆ ಸರಿಯುತ್ತಿತ್ತು.

"ಇವಳೇ... ನನ್ನ ಕನ್ನಡಕ ಎಲ್ಲೇ?"

ಗಂಡನ ಅದೇ ಒರಟು ಗಂಟಲು, ಅದೇ ರೇಗಾಟ.

"ಅಯ್ಯೋ, ತಲೆ ಮೇಲೇ ಇದೆ, ತಡವ್ಕೊಳ್ರೀ!" ಎಂದಳು ಕಣ್ಣು ಮುಚ್ಚಿಕೊಂಡೇ.

ಕಣ್ಣು ಬಿಟ್ಟಳು. ಮೈದುನ ತನ್ನ ಬಾಯಿಯನ್ನು ತಾನೇ ಮುಚ್ಚಿ ಹಿಡಿದಿದ್ದ. "ತಪ್ಪಾಯ್ತು ಅತ್ತಿಗೇ," ಎಂದ ಬೆರಳುಗಳ ಸಂದಿಯಿಂದ.

ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರ ಹೊಟ್ಟೆ ಕುಲುಕಿತು. ಆಮೇಲೆ ಅವಳು ನಕ್ಕಳು, ಎಲ್ಲರಿಗಿಂತ ಜೋರಾಗಿ, ಮೇಜಿನ ಅಂಚು ಹಿಡಿದು, ಬೀದಿಗೆ ಕೇಳುವಂತೆ. ನಗುತ್ತಲೇ ಗಂಡನ ಮೇಲೆ ಬಾಗಿದಳು. ಮೂಗಿನ ಎರಡೂ ಬದಿ ಕನ್ನಡಕ ಕೂತ ಗುಳಿ ಇನ್ನೂ ಹಾಗೇ ಇತ್ತು. ಅದರಲ್ಲೊಂದು ಹನಿ ಬಿತ್ತು. ಹೆಬ್ಬೆರಳಿನಿಂದ ಒರೆಸಿದಳು. ಮತ್ತೊಂದು ಬಿತ್ತು.