ಉಗಿ ಕಾರಿಗೆ ತುಂಬಿದ ಉಡಿ

ಮೊದಲೇ ಹೇಳಿಬಿಡುತ್ತೇನೆ, ಆ ಕಾರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗಂಡ ಸಿದ್ದಲಿಂಗ, ನರೇಗಲ್ಲಿನ ಎಣ್ಣೆ ಮಿಲ್ಲಿನ ಸಾಹುಕಾರ, ಹಳೆಯ ಉಗಿ ಕಾರುಗಳನ್ನು ಕೂಡಿಹಾಕುವ ಹುಚ್ಚು ಹಿಡಿಸಿಕೊಂಡವರು. ಪೆಟ್ರೋಲ್ ಕುಡಿದು ಓಡುವ ಕಾರಲ್ಲ ಅವು. ಬಾಯ್ಲರಿನಲ್ಲಿ ನೀರು ಕಾಯಿಸಿ, ಆ ಉಗಿಯಿಂದ ಗಾಲಿ ತಿರುಗಿಸಬೇಕು. ಶೇಂಗಾ ಇಡುವ ಗೋದಾಮಿನಲ್ಲಿ ಅಂಥ ಮೂರು ನಿಂತಿದ್ದವು. ಎರಡು ಬರೀ ತುಕ್ಕು. ಮೂರನೆಯದಕ್ಕೆ ಜೀವ ತಂದವನು ಮೈನುದ್ದೀನ.

ಮೈನುದ್ದೀನ ಬಾಯ್ಲರ್ ಮಿಸ್ತ್ರಿ. ನೂರು ವರ್ಷದ ಹಿಂದೆ ಆ ಕಾರು ಹತ್ತಿ ಗಿರಣಿಯವರ ಹತ್ತಿರ ಇದ್ದಾಗ ಅದಕ್ಕೆ ಬೆಂಕಿ ಹಾಕಿ ನಡೆಸುತ್ತಿದ್ದವನು ಅವನ ಮುತ್ತಜ್ಜ ಖಾಜಾಸಾಬ. ಅದೇ ಕಾರಣಕ್ಕೆ ಇವನು ನಾಲ್ಕು ವರ್ಷ ಕೂಲಿ ಬೇಡವೆಂದು ದುಡಿದ. ಕೇಳಿದ್ದು ಒಂದೇ.

"ಕಾರು ರೋಣದ ತನಕ ಓಡಿದ್ರ, ಹಿತ್ತಾಳಿ ಫಲಕದಾಗ ನಮ್ಮ ಮುತ್ತ್ಯಾನ ಹೆಸರ ಹಾಕಸ್ರಿ ಸಾಹುಕಾರ್ರ."

ಇವರು ಹೂಂ ಎಂದರು. ಖಾಜಾಸಾಬನ ಹೆಸರಿನ ಫಲಕ ಕೆತ್ತಿಸಿ, ರೋಣದಲ್ಲಿ ಎಲ್ಲರೆದುರು ಜಡಿಯೋಣವೆಂದು ಸೀಟಿನ ಕೆಳಗೆ ಇಟ್ಟುಕೊಂಡರು.

ನಮ್ಮ ಕಡೆ ಬಾವಿ ನೀರು ಉಪ್ಪು. ಮೈನುದ್ದೀನ ಮಳೆನೀರು ಹಿಡಿದಿಟ್ಟು, ಎರಡು ಪದರ ಬಟ್ಟೆಯಲ್ಲಿ ಸೋಸಿ ಕಾರಿನ ಟಾಕಿ ತುಂಬಿಸುತ್ತಿದ್ದ. "ಅಕ್ಕಾರ, ಒಂಚೂರು ಕಸಾ ಹೋದ್ರೂ ಪಂಪ್ ಕಟ್ಟತೈತ್ರಿ. ಆಮ್ಯಾಲೆ ಬಾಯ್ಲರಿಗೆ ನೀರಿಲ್ಲ, ಸುಟ್ಟ ಹೋಗತೈತಿ" ಎಂದು ನನಗೂ ಹೇಳಿದ್ದ.

ಕೇಳಿದ್ದೆ. ಆದರೆ ಮಡಿಲು ತುಂಬುವ ಉಡಿ ಅಕ್ಕಿ ಕಸವೇ? ಹೊಸ ಬೋರಿಗೆ ನೀರು ಬಿದ್ದರೆ ಗಂಗವ್ವನ ಉಡಿ ತುಂಬದೆ ಒಂದು ಕೊಡ ಎತ್ತುವವರಲ್ಲ ನಾವು. ಹೊರಡುವ ದಿನ, ಹುಬ್ಬಳ್ಳಿ ಕೊಲ್ಹಾಪುರಗಳಿಂದ ಬಂದ ಹಳೇ ಕಾರಿನ ಹುಚ್ಚರಿಗೆಲ್ಲ ಚಹಾ ಕೊಡುವ ಗದ್ದಲದಲ್ಲಿ, ನಾನು ಟಾಕಿಯ ಮುಚ್ಚಳ ತೆಗೆದೆ. ಅರಿಷಿಣ ಹಚ್ಚಿದ ಅಕ್ಕಿ ಐದು ಹಿಡಿ, ಐದು ಅಡಿಕೆ, ಒಂದು ಅರಿಷಿಣ ಬೇರು ಹಾಕಿ ಕೈಮುಗಿದೆ. ಮೈ ಉರಿದರೇನು, ಮನೆಯ ಕಾರಲ್ಲವೇ? ಸುಸೂತ್ರ ಹೋಗಿ ಬರಲಿ ಎಂದೇ ಬೇಡಿಕೊಂಡೆ, ಆಣೆ ಮಾಡಿ ಹೇಳುತ್ತೇನೆ.

ಸಂಜೆ ಐದಕ್ಕೆ ರೋಣಕ್ಕೆ ಹೊರಟೆವು, ಬಂದವರೆಲ್ಲ ತಮ್ಮ ಕಾರುಗಳಲ್ಲಿ ನಮ್ಮ ಹಿಂದೆ. ಕಾರು ನಡೆಸುವವರು ಇವರು, ಪಕ್ಕದಲ್ಲಿ ಮೈನುದ್ದೀನ, ಹಿಂದೆ ಇಳಕಲ್ ಸೀರೆಯುಟ್ಟ ನಾನು. ರಂಜಾನ್ ತಿಂಗಳು. ಬೆಳಗಿನಿಂದ ಹನಿ ನೀರು ಮುಟ್ಟದೆ ಬೆಂಕಿಯ ಮುಂದೆ ಕೂರುವವನನ್ನು ನೋಡಲಾರದೆ, ದಿನಾ ಹೊತ್ತು ಮುಳುಗುವಾಗ ಖರ್ಜೂರ, ತಂಪು ನೀರು ನಾನೇ ಕೊಡುತ್ತಿದ್ದೆ. ಅವತ್ತೂ ನನ್ನ ಚೀಲದಲ್ಲಿ ಎರಡೂ ಇದ್ದವು.

ದಾರಿಯಲ್ಲಿ ಜಕ್ಕಲಿ ಊರು ದಾಟಿದೆವು. ಮೈನುದ್ದೀನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯತ್ತ ಬಗ್ಗಿದ. "ಸಾಹುಕಾರ್ರ, ನೀರ ಏರವಲ್ದು. ಲಗೂ ನಿಂದರಸ್ರಿ!"

"ಹಿಂದ ಇಷ್ಟ ಮಂದಿ ಬರಾಕತ್ತಾರ. ಸುಮ್ನ ಕೂಡಲೇ."

ಮತ್ತೊಂದು ಮೈಲು ಓಡಿಸಿದರು. ಆಮೇಲೆ ಕೆಳಗೆ ಫಟ್ ಎಂದು ಏನೋ ಒಡೆದು ಬಿಸಿ ಉಗಿ ನುಗ್ಗಿತು. ಮೈನುದ್ದೀನ ಅದರೊಳಗೇ ಕೈ ಚಾಚಿ ಬೆಂಕಿ ಆರಿಸಿದ. ಮೊಣಕೈ ತನಕ ಚರ್ಮ ಸುಲಿದುಹೋಯಿತು. ಎಲ್ಲರೂ ಬಾಯ್ಲರ್ ನೋಡಿದರು. ಅವನ ಕೈ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅದೇ ಕೈಯಿಂದ ಪಂಪು ಬಿಚ್ಚಿದ. ಬಾಯ್ಲರಿನ ಕಾವಿಗೆ ಅಕ್ಕಿ ಬೆಂದು, ಹಳದಿ ಅನ್ನವಾಗಿ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಅಂಗೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ಎಷ್ಟು ಬೋರಿನ ಪೂಜೆ ಕಂಡವನು, ತಿಳಿಯದೇ ಇರುತ್ತದೆಯೇ? ಆದರೂ ಬಾಯಿ ಬಿಡಲಿಲ್ಲ.

"ಏನಲೇ ಇದು?" ಇವರು ಅಷ್ಟು ಜನರೆದುರು ಗುಡುಗಿದರು.

ಹಿಂದೊಮ್ಮೆ ಆ ಕಾರಿನ ಮೇಲೆ ಹೂವಿನ ಬುಟ್ಟಿ ಇಟ್ಟೆನೆಂದು ನನ್ನತ್ತ ತಂಬಿಗೆ ಬೀಸಿ ಒಗೆದ ಮನುಷ್ಯ ಇವರು. ನನ್ನ ಹಣೆಯ ಮೇಲೆ ಗುರುತು ಇನ್ನೂ ಇದೆ. ಅಂಜಿಕೆಗೆ ಬಾಯಿ ತಾನೇ ತೆರೆಯಿತು.

"ಅವನ ಬುತ್ತಿ ಅನ್ನ ಇರಬೇಕ್ರಿ. ಟಾಕಿ ಮ್ಯಾಲೆ ಇಟ್ಕೊಂಡ ಉಣ್ತಾನ."

"ಅಕ್ಕಾರ, ನಾ ರೋಜಾ ಅದೀನಿ" ಎಂದ ಮೈನುದ್ದೀನ. ಅವರಿಗಲ್ಲ, ನನಗೆ ಹೇಳಿದ.

ಇವರು ಗಹಗಹಿಸಿ ನಕ್ಕರು. "ನೋಡ್ರಿಪಾ ಇವನ ರೋಜಾ! ಮಂದಿ ಮುಂದ ಉಪಾಸ, ಗೋದಾಮಿನ್ಯಾಗ ಕದ್ದು ತಿನ್ನೋದು!" ಬಂದವರೆಲ್ಲ ನಕ್ಕರು. ಯಾರೋ ಒಬ್ಬ ಫೋನಿನಲ್ಲಿ ಅದನ್ನು ಹಿಡಿದುಕೊಂಡ.

ಜಕ್ಕಲಿಯ ಕಡೆಯಿಂದ ರೋಜಾ ಬಿಡುವ ಹೊತ್ತಿನ ಆಜಾನ್ ಕೇಳಿಸಿತು. ಮೈನುದ್ದೀನ ನನ್ನ ಚೀಲದತ್ತ ನೋಡಿದ. ಈಗ ನೀರು ಕೊಟ್ಟರೆ ನಾನಾಡಿದ್ದು ಸುಳ್ಳೆಂದು ನಾನೇ ಹೇಳಿದಂತಾಗುತ್ತಿತ್ತು. ಚೀಲವನ್ನು ಕಂಕುಳಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅವನು ಸುಟ್ಟ ಕೈ ಎತ್ತಿ ಹಿಡಿದು ಜಕ್ಕಲಿಯತ್ತ ನಡೆದುಹೋದ.

ಮರುದಿನ ಆ ನಗು ಊರಿನ ಫೋನುಗಳಲ್ಲೆಲ್ಲ ಓಡಾಡಿತು. ರಂಜಾನ್ ಹಬ್ಬದ ನಮಾಜಿಗೂ ಮಗ ಮನೆಯಿಂದ ಹೊರಬೀಳಲಿಲ್ಲವೆಂದು ಅವನ ತಾಯಿ ರಸೂಲಬಿ ಸಂತೆಯಲ್ಲಿ ಅತ್ತಳಂತೆ. ನಾನು ಆ ವಾರ ಸಂತೆಗೆ ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಪುಣೆಯಿಂದ ಬೇರೆ ಮಿಸ್ತ್ರಿ ಬಂದು ಹೊಸ ಬಾಯ್ಲರ್ ಕೂಡಿಸಿದ. ಟಾಕಿ ಬರಿದು ಮಾಡಿಸಿದರು. ಮಧ್ಯಾಹ್ನ ಇವರು ಅಡುಗೆಮನೆಗೆ ಬಂದು ನನ್ನ ಮುಂದೆ ಅಂಗೈ ಬಿಚ್ಚಿದರು. ಐದು ಅಡಿಕೆ, ಒಂದು ಅರಿಷಿಣ ಬೇರು.

ಹೊಡೆತಕ್ಕೆ ಕಾದು ನಿಂತೆ. ಏಟು ಬೀಳಲಿಲ್ಲ.

"ತಪ್ಪು ಅವಂದಲ್ಲಂತ ಮೈನುದ್ದೀನಗ ಹೇಳಿ ಕಳಸ್ಲೇನ್ರಿ?" ಎಂದೆ.

"ಯಾಕ? ಅವನ ಮುತ್ತ್ಯಾನ ಹೆಸರಿನ ಫಲಕದ ಹಿಂದಿನ ಮಗ್ಗಲಿಗೆ ನಮ್ಮಪ್ಪನ ಹೆಸರ ಕೆತ್ತಾಕ ಕೊಟ್ಟೇನಿ. ಚಲೋ ಕಾಣ್ತೈತಿ. ಊಟಕ್ಕ ಹಾಕ."

ಕೈತೊಳೆದು ತಾಟಿನ ಮುಂದೆ ಕೂತರು. ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ ಆಯಿತು, ಬೈಯುವವರು ಬೈಯಲಿ. ಇವರಿಗೆ ಇನ್ನೊಂದು ರೊಟ್ಟಿ ಬಡಿಸಿ, ಆ ಅರಿಷಿಣ ಬೇರನ್ನು ತೊಳೆದು ಒರೆಸಿ ಡಬ್ಬಿಗೆ ಹಾಕಿದೆ.