ದ್ರಾಕ್ಷಿ ಸಾಲಿಗೆ ಹಿಡಿಸದ ನಾನು

ನಾನೊಂದು ಟ್ರ್ಯಾಕ್ಟರ್. ಐವತ್ತು ಕುದುರೆಯ ಬಲದವನು, ಕೆಂಪು ಮೈಯವನು. ಕಾರ್ಖಾನೆಯಲ್ಲಿ ಮೊದಲ ಸಲ ನನ್ನ ಎಂಜಿನ್ ಗುಡುಗಿದಾಗ ಪಕ್ಕದಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಆ ಜಂಬ ಇನ್ನೂ ಇದೆ, ಮುಚ್ಚಿಡುವುದೇಕೆ?

ವಿಜಯಪುರದ ಕಡೆಯ ಎರೆಮಣ್ಣಿನ ಊರಿಗೆ ನನ್ನನ್ನು ತಂದವನು ರಾಚಪ್ಪ. ಅವನ ಹೆಂಡತಿ ಕಸ್ತೂರೆವ್ವ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣು ಇಟ್ಟಳು. ಇಪ್ಪತ್ತಾರು ವರ್ಷ ಜೋಳದ ಹೊಲ ಉತ್ತೆ, ಮದುವೆ ದಿಬ್ಬಣ ಎಳೆದೆ. ರಾಚಪ್ಪ ನನ್ನನ್ನು ಬೇರೆ ಯಾರ ಕೈಗೂ ಕೊಟ್ಟವನಲ್ಲ.

ನಡುವೆ ದ್ರಾಕ್ಷಿ ಹಚ್ಚಿದರು. ಸಾಲಿನ ಅಂತರ ಅಳೆಯಲು ರಾಚಪ್ಪ ಟೇಪು ತರಲಿಲ್ಲ. ನನ್ನನ್ನೇ ನಿಲ್ಲಿಸಿ, ಆ ಗಾಲಿಯ ಪಕ್ಕ ಒಂದು, ಈ ಗಾಲಿಯ ಪಕ್ಕ ಒಂದು ಗೂಟ ಹೊಡೆದ. ಬಳ್ಳಿ ಬೆಳೆದು ಒಳಕ್ಕೆ ಚಾಚುತ್ತದೆ ಎಂಬುದನ್ನೇ ಮರೆತ ಪುಣ್ಯಾತ್ಮ. ಮುಂದೆ ನಾನು ಹಾದಲ್ಲೆಲ್ಲ ಕಾಯಿಗೊನೆಗಳು ಮುರಿದು ಬೀಳತೊಡಗಿದವು. "ನಿಮ್ಮ ಅಳತಿಗೆ ನಾ ಏನ್ ಹೇಳ್ಲಿ" ಎನ್ನುತ್ತ ಕಸ್ತೂರೆವ್ವ ಅವನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

ಅದನ್ನಾದರೂ ಸಹಿಸಬಹುದಿತ್ತು. ರಾಚಪ್ಪನ ಎಡ ಮೊಣಕಾಲು ಸೋತಿತ್ತು, ನನ್ನ ಕ್ಲಚ್ಚೋ ಬಲು ಬಿರುಸು. ಅವನು ಯಾರಿಗೂ ಹೇಳಲಿಲ್ಲ. ಪೆಡಲಿನ ಮೇಲೆ ಕಾಲು ನಡುಗುವುದು ನನಗೊಬ್ಬನಿಗೇ ಗೊತ್ತಿತ್ತು. ಒಂದು ಮುಂಜಾನೆ, ಕ್ಲಚ್ಚು ಒತ್ತಿ ನನ್ನನ್ನು ತಡೆದು ನಿಲ್ಲಿಸಿದ್ದಾಗ, ಆ ಕಾಲು ಜಾರಿತು. ನಾನು ಗಕ್ಕನೆ ಮುಂದೆ ಜಿಗಿದೆ. ಎದುರಿಗೆ ಬಳ್ಳಿ ಕಟ್ಟುತ್ತಿದ್ದ ಕಸ್ತೂರೆವ್ವ ಪಕ್ಕಕ್ಕೆ ಉರುಳಿದಳು. ಅವಳಿಗೂ ನನ್ನ ಗಾಲಿಗೂ ಗೇಣು ಅಂತರ. ಅವಳು ಮಣ್ಣು ಕೊಡವಿಕೊಂಡು ಎದ್ದು, ಮೊದಲು ಗಂಡನ ಕಾಲು ಮುಟ್ಟಿ ನೋಡಿದಳು.

ಮರುವಾರ ಸಣ್ಣ ಟ್ರ್ಯಾಕ್ಟರ್ ಬಂತು. ನನ್ನ ಅರ್ಧವೂ ಇಲ್ಲ, ಸದ್ದೋ ಹೊಲಿಗೆ ಮಷೀನಿನದು. ನಗು ಬಂತು. ಆದರೆ ಅದು ಒಂದು ಗೊನೆಯನ್ನೂ ತಾಗದೆ ಸಾಲು ದಾಟಿದಾಗ ಆ ನಗು ಇಂಗಿತು. ಎಂಟು ದಿನದಲ್ಲಿ ಕಸ್ತೂರೆವ್ವ ಅದನ್ನು ನಡೆಸಲು ಕಲಿತಳು. ರಾಚಪ್ಪ ಮಾತ್ರ ಏನಾದರೊಂದು ನೆಪ ತೆಗೆದು ನನ್ನನ್ನೇ ಹತ್ತುತ್ತಿದ್ದ, ಇಳಿದ ಮೇಲೆ ಕುಂಟುತ್ತಿದ್ದ.

"ಇದು ಅಂಗಳದಾಗ ಇರೂತನ ನೀವು ಕಾಲು ಉಳಿಸ್ಕೊಳ್ಳಂಗಿಲ್ಲ. ಮಾರಿಬಿಡ್ರಿ" ಎಂದಳು ಅವಳು.

ಬೆಲ್ಲದ ಗಾಣದ ಹುಸೇನಸಾಬ ನನ್ನನ್ನು ನೋಡಲು ಬಂದ. ರಾಚಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಶುರು ಮಾಡಿದ: "ಬ್ಯಾಡೋ ಹುಸೇನಾ, ಮುದುಕ ಆಗೈತಿ. ತಳ್ಳಿದ್ರೂ ಚಾಲೂ ಆಗೂದಿಲ್ಲ."

ಅವನು ನನ್ನನ್ನು ಹಳಿದದ್ದು ಅದೊಂದೇ ಸಲ. ಉಳಿಸಿಕೊಳ್ಳಲಿಕ್ಕೆಂದೇ ಹಳಿದ.

ಹುಸೇನಸಾಬ ಕೀಲಿ ತಿರುವಿದ. ನಿಜ ಹೇಳುತ್ತೇನೆ, ತಿಂಗಳಿಂದ ನಾನು ತಳ್ಳದೆ ಚಾಲೂ ಆಗಿರಲಿಲ್ಲ. ಸುಮ್ಮನಿದ್ದಿದ್ದರೆ ಆ ಅಂಗಳದಲ್ಲೇ ಉಳಿಯುತ್ತಿದ್ದೆ. ಉಳಿಯುವ ಆಸೆ ಬೆಟ್ಟದಷ್ಟಿತ್ತು. ಆದರೆ ಬಾಗಿಲಲ್ಲಿ ಕಸ್ತೂರೆವ್ವ ಗಂಡನ ಕಾಲನ್ನೇ ನೋಡುತ್ತ ನಿಂತಿದ್ದಳು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಒಂದೇ ಏಟಿಗೆ ಗುಡುಗಿದೆ. ರಾಚಪ್ಪ ಮುಖ ತಿರುಗಿಸಿಕೊಂಡ.

ಈಗ ಗಾಣದ ಮೂಲೆಯಲ್ಲಿ ನಿಂತಲ್ಲೇ ನಿಂತು ಬೆಲ್ಟು ತಿರುಗಿಸಿ ಕಬ್ಬು ಅರೆಯುತ್ತೇನೆ. ಮೊನ್ನೆ ಆ ಸಣ್ಣದು ಬೆಲ್ಲ ಒಯ್ಯಲು ಬಂತು. ನಡೆಸುತ್ತಿದ್ದವಳು ಕಸ್ತೂರೆವ್ವ, ಮಡ್ಗಾರ್ಡಿನ ಮೇಲೆ ಕೂತಿದ್ದವನು ರಾಚಪ್ಪ. ಅವನು ಇಳಿದು ಬಂದು ನನ್ನ ಬಾನೆಟ್ಟಿನ ಬೂದಿಯನ್ನು ಅಂಗೈಯಿಂದ ಒರೆಸಿದ.

"ಅವತ್ತ ಯಾಕ ಚಾಲೂ ಆದ್ಯೋ?" ಎಂದ, ಮೆಲ್ಲಗೆ.

ಮರಳಿ ಹೋಗುತ್ತಿದ್ದ ಅವನ ಎಡಗಾಲನ್ನೇ ನೋಡಿದೆ. ಕುಂಟುತ್ತಿರಲಿಲ್ಲ.